ಒಲೆ ಹಚ್ಚುವ ಮುನ್ನ ಒಮ್ಮೆ ಬಗ್ಗಿ ನೋಡಿ

ಧನುರ್ಮಾಸದ ಬೆಳಗಿನ ಜಾವ. ಬೆಂಗಳೂರಿನ ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಗಳಲ್ಲಿ ಇನ್ನೂ ಕತ್ತಲು. ದೇವಸ್ಥಾನದಲ್ಲಿ ಹುಗ್ಗಿ ಹಂಚುವ ಹೊತ್ತಿಗೆ ಸ್ನಾನ ಮುಗಿದಿರಬೇಕು ಅಂತ ಹಳೆಯ ಮನೆಯೊಂದರ ಬಚ್ಚಲಲ್ಲಿ ದೀಪ ಹತ್ತಿದೆ. ಗಾರೆ ಕಟ್ಟೆಯಲ್ಲಿ ಹುದುಗಿಸಿಟ್ಟ ತಾಮ್ರದ ಹಂಡೆ, ಅದರಡಿಗೆ ಮಸಿ ಹಿಡಿದ ಒಲೆಯ ಬಾಯಿ. ಮನೆಯ ಹಿರಿಯರು ನಾಲ್ಕು ಕರಟ, ಒಂದಿಷ್ಟು ಒಣಗರಿ, ಮುದುರಿದ ಹಳೇ ಪೇಪರು ಒಳಗೆ ತುರುಕಿ ಬೆಂಕಿಕಡ್ಡಿ ಗೀರುತ್ತಾರೆ. ಅಷ್ಟರಲ್ಲಿ ಒಳಗಿನಿಂದ ಏನೋ ಕದಲಿದ ಸದ್ದು.

ನಿನ್ನೆ ರಾತ್ರಿಯ ಬೂದಿಯ ಮೇಲೆ, ಬಿಸಿ ಆರದ ಹಿಂಗೋಡೆಗೆ ಬೆನ್ನು ಕೊಟ್ಟು ಮನೆಯ ಬೆಕ್ಕು ಮಲಗಿದೆ. ಕಡ್ಡಿ ಆರಿಸಿದರೆ ಅದು ಬದುಕಿತು. ಗರಿಗೆ ಕಿಡಿ ತಾಗಿಬಿಟ್ಟರೆ ಹೊರಗೆ ಬರಬೇಕಾದ ದಾರಿಯಲ್ಲೇ ಬೆಂಕಿ. ಬೆದರಿದ ಪ್ರಾಣಿ ಬೆಂಕಿ ದಾಟಿ ಹೊರಗೆ ಹಾರುವುದು ಅಪರೂಪ. ಇನ್ನಷ್ಟು ಒಳಕ್ಕೆ, ಹೊಗೆ ಕೊಳವೆಯ ಕಡೆಗೆ ನುಗ್ಗುತ್ತದೆ.

ಬಚ್ಚಲೊಲೆಗಳು ಈಗ ಬೆರಳೆಣಿಕೆಯಷ್ಟು ಮನೆಗಳಲ್ಲಿ ಮಾತ್ರ ಉಳಿದಿವೆ. ಆದರೆ ಬೆಕ್ಕು ಬಿಸಿ ಹುಡುಕಿಕೊಂಡು ಹೋಗಿ ಸಿಕ್ಕಿಬೀಳುವುದು ನಿಂತಿಲ್ಲ, ಸಿಕ್ಕಿಬೀಳುವ ಜಾಗ ಬದಲಾಗಿದೆ, ಅಷ್ಟೆ. ಹಾಗೆ ಸಿಕ್ಕಿಬಿದ್ದ ಪ್ರಾಣಿಯನ್ನು ಹೊರಗೆ ತರುವುದು ಹೇಗೆ ಎಂಬುದು ಬಹಳ ಮನೆಗಳಿಗೆ ಅರ್ಧಂಬರ್ಧ ಮಾತ್ರ ಗೊತ್ತು. ಆ ಅರ್ಧ ತಿಳಿವಳಿಕೆಯಿಂದ ಎಷ್ಟೋ ಸಲ ಪ್ರಾಣಿಗೆ ಇನ್ನಷ್ಟು ಅಪಾಯವಾಗುತ್ತದೆ.

ಇಡೀ ಮನೆಗೆ ಬಿಸಿ ಇದ್ದದ್ದು ಬಚ್ಚಲಲ್ಲಿ

ಚಳಿದೇಶಗಳಂತೆ ಇಡೀ ಮನೆಯನ್ನು ಬೆಚ್ಚಗಿಡುವ ಯಂತ್ರ ಬೆಂಗಳೂರಿಗೆ ಎಂದೂ ಬೇಕಾಗಿಲ್ಲ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿ 13ರಂದು. ಡಿಸೆಂಬರ್-ಜನವರಿಯ ರಾತ್ರಿಗಳು ಸಾಮಾನ್ಯವಾಗಿ 15-16 ಡಿಗ್ರಿಗೆ ಇಳಿದು ನಿಲ್ಲುತ್ತವೆ. ಶಾಲು ಹೊದ್ದು ಬಿಸಿ ಕಾಫಿ ಕುಡಿದರೆ ಮನುಷ್ಯರಿಗೆ ಸಾಕು. ಬಿಸಿನೀರು ಮಾತ್ರ ಬೇಕೇ ಬೇಕು.

ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. 1898ರ ಪ್ಲೇಗು ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ದೂಡಿದ ಮೇಲೆ ಬಸವನಗುಡಿ, ಮಲ್ಲೇಶ್ವರದ ಬಡಾವಣೆಗಳು ತುಂಬಿಕೊಂಡವು. ಗಾಳಿ ಬೆಳಕು ಧಾರಾಳವಾಗಿ ಬರುವ ಮನೆ, ಹಿಂದೆ ಹಿತ್ತಿಲು, ಹಿತ್ತಿಲ ಕಡೆಗೆ ಬಚ್ಚಲು. 1905ರ ಆಗಸ್ಟಿನಲ್ಲಿ ಊರಿಗೆ ವಿದ್ಯುತ್ ದೀಪ ಬಂದರೂ ಬಚ್ಚಲಿಗೆ ಗೀಸರ್ ಬರಲು ದಶಕಗಳೇ ಹಿಡಿದವು. ಅಲ್ಲಿಯ ತನಕ ಸೌದೆ ಡಿಪೋದ ಸೀಳು, ಹಿತ್ತಿಲ ತೆಂಗಿನ ಗರಿ, ಮರ ಕೊಯ್ಯುವ ಮಿಲ್ಲಿನ ಹೊಟ್ಟು, ಇವೇ ಉರುವಲು.

ಹಂಡೆ ಒಲೆಯ ಗುಣವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಂಡೆಯ ಸುತ್ತ ಮಣ್ಣು, ಇಟ್ಟಿಗೆ, ಗಾರೆಯ ದಪ್ಪ ಕಟ್ಟೆ. ರಾತ್ರಿ ಎಂಟಕ್ಕೆ ಬೆಂಕಿ ಆರಿದರೂ ಆ ಕಟ್ಟೆ ಬೆಳಗಿನವರೆಗೂ ಬೆಚ್ಚಗಿರುತ್ತದೆ. ಒಲೆಯ ಬಾಯಿ ಬೆಕ್ಕಿನ ಮೈ ನುಸುಳುವಷ್ಟೇ ಅಗಲ. ಒಳಗೆ ಕತ್ತಲು, ಗಾಳಿ ಬೀಸುವುದಿಲ್ಲ, ನಾಯಿ ಬರುವುದಿಲ್ಲ, ಕೆಳಗೆ ಮೆತ್ತನೆಯ ಬೂದಿ. ಮರಿ ಹಾಕಲು ಜಾಗ ಹುಡುಕುವ ತಾಯಿ ಬೆಕ್ಕಿಗೆ ಇದಕ್ಕಿಂತ ಬೇರೆ ಏನು ಬೇಕು? ಅಡುಗೆಯಾಗದ ಮನೆಯ ಬಡತನವನ್ನು ಒಲೆಯಲ್ಲಿ ಬೆಕ್ಕು ಮಲಗಿದೆ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಅವರು ಕಣ್ಣಾರೆ ಕಂಡದ್ದನ್ನೇ ಹೇಳಿದ್ದು.

ತಾಮ್ರದ ಬಾಯ್ಲರ್ ಬಂದ ಮೇಲೂ ಇದು ತಪ್ಪಲಿಲ್ಲ. ಉದ್ದನೆಯ ಸಿಲಿಂಡರು, ಅಡಿಯಲ್ಲಿ ಬೆಂಕಿ, ನೀರಿನ ನಡುವೆ ಹಾದು ಮೇಲೆ ಹೋಗುವ ಹೊಗೆ ಕೊಳವೆ. ಬೂದಿ ಎಳೆಯಲು ಕೆಳಗೊಂದು ಪುಟ್ಟ ಬಾಗಿಲು. ಆ ಬಾಗಿಲು ತೆರೆದಿಟ್ಟರೆ ಮರಿಗಳಿಗೆ ಅದೇ ಮನೆ.

ಬೆಕ್ಕಿಗೇಕೆ ಅಷ್ಟು ಬಿಸಿ

ಇದು ಬೆಕ್ಕಿನ ಸೋಮಾರಿತನವಲ್ಲ. ಬೆಕ್ಕಿನ ಸಹಜ ಮೈಬಿಸಿ 38ರಿಂದ 39 ಡಿಗ್ರಿಯ ಆಸುಪಾಸು, ನಮಗಿಂತ ಹೆಚ್ಚು. ಮೈಬಿಸಿ ಕಾಯಲು ಹೆಚ್ಚಿನ ಶಕ್ತಿ ವ್ಯಯಿಸದೆ ಅದು ಹಾಯಾಗಿರುವುದು ಸುತ್ತಲಿನ ಉಷ್ಣಾಂಶ ಸುಮಾರು 30ರಿಂದ 38 ಡಿಗ್ರಿ ಇದ್ದಾಗ. ನಮಗೆ ಹಿತವೆನಿಸುವ ಬೆಂಗಳೂರಿನ ಸಂಜೆ ಬೆಕ್ಕಿಗೆ ತಣ್ಣಗೇ. ಮರಿಗಳ ಪಾಡಂತೂ ಇನ್ನೂ ಕಷ್ಟ. ಹುಟ್ಟಿದಾಗ ಸುಮಾರು 100 ಗ್ರಾಂ ತೂಗುವ ಮರಿಗೆ ಮೊದಲ ಕೆಲವು ವಾರ ತನ್ನ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳಲು ಬರುವುದಿಲ್ಲ. ತಾಯಿಯ ಹೊಟ್ಟೆ ಸಿಗದಿದ್ದರೆ ಬಿಸಿಯಾದ ಯಾವುದೋ ಸಂದಿ.

ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ಮಾತಿದೆ. ಲೆಕ್ಕ ಏಳೇ ಆಗಬೇಕಿಲ್ಲ, ಆದರೆ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಜಾಗ ಬದಲಾಯಿಸುತ್ತಲೇ ಇರುವುದು ನಿಜ. ಇಂದು ಅಟ್ಟದಲ್ಲಿದ್ದ ಮರಿ ನಾಳೆ ಫ್ರಿಜ್ಜಿನ ಹಿಂದೆ. ನಿನ್ನೆ ಖಾಲಿಯಿದ್ದ ಒಲೆಯಲ್ಲಿ ಇವತ್ತು ನಾಲ್ಕು ಮರಿ. ನಿನ್ನೆ ನೋಡಿದ್ದೆ, ಏನೂ ಇರಲಿಲ್ಲ ಎನ್ನುವ ಭರವಸೆ ಸಾಲದು ಅನ್ನುವುದು ಇದಕ್ಕೇ.

ಇನ್ನು ಅದರ ಮೈಕಟ್ಟು. ಬೆಕ್ಕಿನ ಕೊರಳೆಲುಬು ಬೇರೆ ಎಲುಬುಗಳಿಗೆ ಬಿಗಿದುಕೊಂಡಿಲ್ಲ, ಸ್ನಾಯುಗಳ ನಡುವೆ ಸಡಿಲವಾಗಿದೆ. ಹಾಗಾಗಿ ತಲೆ ಹೋದ ಕಡೆ ಭುಜವೂ ಹೋಗುತ್ತದೆ. ಮುಂದಕ್ಕೆ ನುಗ್ಗುವುದು ಸುಲಭ, ತಿರುಗಲು ಜಾಗವಿಲ್ಲದ ಕೊಳವೆಯಲ್ಲಿ ಹಿಂದಕ್ಕೆ ಬರುವುದು ಬಹಳ ಕಷ್ಟ. ಸಿಕ್ಕಿಬೀಳುವುದು ಹೀಗೆ.

ಒಲೆ ಹೋಯಿತು, ಡಕ್ಟ್ ಬಂತು

ಹಿತ್ತಿಲಿದ್ದ ಮನೆಗಳು ಒಂದೊಂದಾಗಿ ಉರುಳಿ ಅದೇ ನಿವೇಶನಗಳಲ್ಲಿ ನಾಲ್ಕಂತಸ್ತಿನ ಕಟ್ಟಡಗಳು ಎದ್ದಿವೆ. ಈಗ ಬಿಸಿ ಮನೆಯ ತುಂಬ ಹರಡಿಕೊಂಡಿದೆ. ಬಚ್ಚಲ ಅಟ್ಟದ ಗೀಸರು, ತಾರಸಿಯ ಸೋಲಾರ್ ಟ್ಯಾಂಕು, ಮೆಟ್ಟಿಲ ಕೆಳಗಿನ ಯುಪಿಎಸ್, ಫ್ರಿಜ್ಜಿನ ಕಂಪ್ರೆಸರು, ಈಗಷ್ಟೇ ನಿಲ್ಲಿಸಿದ ಕಾರಿನ ಎಂಜಿನ್ನು. ಎಲ್ಲದರ ಪಕ್ಕದಲ್ಲೂ ಒಂದು ಸಂದಿ.

ಇವುಗಳಲ್ಲಿ ಅತಿ ಕೆಟ್ಟದ್ದು ಡಕ್ಟ್. ಅಕ್ಕಪಕ್ಕದ ಬಚ್ಚಲುಗಳ ಪೈಪುಗಳೆಲ್ಲ ಇಳಿಯಲು ಬಿಟ್ಟ ಎರಡು ಮೂರು ಅಡಿ ಅಗಲದ ಬಾವಿಯಂಥ ಜಾಗ ಅದು. ಮೇಲೆ ತಾರಸಿಯಲ್ಲಿ ತೆರೆದ ಬಾಯಿ, ಕೆಳಗೆ ಕಸ, ತೇವ. ಗೋಡೆ ನುಣುಪು, ಪಿವಿಸಿ ಪೈಪು ಜಾರು, ಉಗುರಿಗೆ ಹಿಡಿತವಿಲ್ಲ. ತಾರಸಿಯಲ್ಲಿ ಸೋಲಾರ್ ಟ್ಯಾಂಕಿನ ಕೆಳಗೆ ಬೆಳೆದ ಮರಿ ನಡಿಗೆ ಕಲಿತು ಅಂಚಿಗೆ ಬಂದು ಕಾಲು ಜಾರಿದರೆ ಸೀದಾ ತಳಕ್ಕೆ. ತಾಯಿ ಮೇಲಿಂದ ಕೂಗುತ್ತದೆ, ಮರಿ ಕೆಳಗಿಂದ. ನಾಲ್ಕು ಮಹಡಿಯ ಎಲ್ಲ ಬಚ್ಚಲುಗಳಲ್ಲೂ ಸದ್ದು ಕೇಳಿಸುತ್ತದೆ, ಎಲ್ಲಿಂದ ಅಂತ ಮಾತ್ರ ತಿಳಿಯುವುದಿಲ್ಲ. ಡಕ್ಟಿನ ಬೀಗದ ಕೈ ಯಾರ ಬಳಿ ಇದೆ ಎಂಬುದೂ ಎಷ್ಟೋ ಕಟ್ಟಡಗಳಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಫಾಲ್ಸ್ ಸೀಲಿಂಗ್ ಇನ್ನೊಂದು. ಕೆಲಸ ನಡೆಯುವಾಗ ಲೈಟಿಗೆಂದು ಕೊರೆದ ತೂತು, ಏಸಿ ಪೈಪಿಗೆಂದು ಬಿಟ್ಟ ಕಿಂಡಿ ಸಂಜೆ ತೆರೆದೇ ಇರುತ್ತವೆ. ಕೆಲಸದವರ ಗಲಾಟೆಗೆ ಹೆದರಿ ಅಟ್ಟ ಸೇರಿದ ಬೆಕ್ಕು ಅಲ್ಲಿಂದ ಒಳಹೊಕ್ಕರೆ ಮರುದಿನ ಹಲಗೆ ಕೂರಿಸಿ ಪುಟ್ಟಿ ಮೆತ್ತಿಬಿಡುತ್ತಾರೆ.

ಮೊದಲು ಆರಿಸಿ, ಆಮೇಲೆ ಸುಮ್ಮನಾಗಿ

ಸದ್ದು ಕೇಳಿದ ಕೂಡಲೇ ಮನೆಮಂದಿಯೆಲ್ಲ ಸೇರಿ ಹೆಸರು ಹಿಡಿದು ಕೂಗುವುದು, ಗೋಡೆ ಬಡಿಯುವುದು, ಕೋಲು ತೂರಿಸುವುದು ನಮ್ಮ ಅಭ್ಯಾಸ. ಪ್ರೀತಿಯಿಂದಲೇ ಮಾಡುತ್ತೇವೆ. ಆದರೆ ನಮ್ಮ ಕಿವಿಗೆ ಕೇಳುವುದು 20,000 ಹರ್ಟ್ಸ್‌ವರೆಗಿನ ಸದ್ದು, ಬೆಕ್ಕಿಗೆ ಅದರ ಮೂರು ಪಟ್ಟಿಗೂ ಮೇಲೆ. ಕಬ್ಬಿಣದ ಸಲಾಕೆ ಗೋಡೆಗೆ ತಾಗಿದ ಸದ್ದೂ ಅದಕ್ಕೆ ಸಹಿಸಲಾಗದ್ದು. ಹೆದರಿದ ಬೆಕ್ಕು ಕೂಗುವುದನ್ನೇ ನಿಲ್ಲಿಸಿ, ಉಸಿರು ಬಿಗಿಹಿಡಿದು ಇನ್ನೂ ಆಳಕ್ಕೆ ಹೋಗುತ್ತದೆ. ಸದ್ದು ನಿಂತಿತೆಂದರೆ ಬೆಕ್ಕು ಹೊರಟುಹೋಯಿತು ಅಂತ ತಿಳಿಯಬೇಡಿ.

ಮೊದಲ ಕೆಲಸ ಬಿಸಿಯ ಮೂಲವನ್ನು ಆರಿಸುವುದು. ಒಲೆಯಾದರೆ ಉರಿಯುವ ಸೌದೆಯನ್ನು ಇಕ್ಕುಳದಿಂದ ಹೊರಗೆಳೆದು ಹೊರಗೇ ನೀರು ಹಾಕಿ. ಒಲೆಯೊಳಗೆ ಮಾತ್ರ ನೀರು ಸುರಿಯಬೇಡಿ. ಕೆಂಡದ ಮೇಲೆ ಬಿದ್ದ ನೀರು ಕುದಿಯುವ ಹಬೆಯಾಗಿ ಏಳುತ್ತದೆ, ಕಿರಿದಾದ ಒಲೆಯೊಳಗೆ ಅದು ಬೆಂಕಿಗಿಂತ ಬೇಗ ಸುಡುತ್ತದೆ. ಗೀಸರು, ಯುಪಿಎಸ್, ಫ್ರಿಜ್ಜು ಆದರೆ ಸ್ವಿಚ್ ಆರಿಸಿ ಪ್ಲಗ್ ಕೀಳಿ. ಫ್ರಿಜ್ಜನ್ನು ದಡಬಡ ಎಳೆಯಬೇಡಿ, ಕಂಪ್ರೆಸರಿನ ಗೂಡಲ್ಲಿ ಕೂತ ಮರಿಯ ಕಾಲು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಗ್ಯಾಸ್ ಗೀಸರಿರುವ ಬಚ್ಚಲಾದರೆ ಕಿಟಕಿ ಬಾಗಿಲು ತೆರೆದ ಮೇಲೇ ಒಳಗೆ ಹೋಗಿ. ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಬೆಕ್ಕಿಗೂ ಮನುಷ್ಯರಿಗೂ ಒಂದೇ ಬಗೆಯಲ್ಲಿ ಜೀವ ತೆಗೆಯುತ್ತದೆ.

ಎರಡನೆಯದು ಮೌನ. ಟಿವಿ, ಫ್ಯಾನು, ಮೋಟಾರು ಎಲ್ಲ ನಿಲ್ಲಲಿ. ಸ್ಟೀಲ್ ಲೋಟವನ್ನು ಗೋಡೆಗೆ ಕವುಚಿ ಅದರ ತಳಕ್ಕೆ ಕಿವಿಯಿಟ್ಟು ಒಂದೊಂದು ಅಡಿ ಸರಿಯುತ್ತ ಹೋದರೆ ಸದ್ದು ಎಲ್ಲಿ ಹೆಚ್ಚು ಅನ್ನುವುದು ತಿಳಿಯುತ್ತದೆ. ರಾತ್ರಿ ಹನ್ನೊಂದರ ಮೇಲೆ, ರಸ್ತೆಯ ಗದ್ದಲ ತಗ್ಗಿದಾಗ ಇದು ಇನ್ನೂ ಸುಲಭ. ಟಾರ್ಚ್ ಹಚ್ಚಿದ ಮೊಬೈಲನ್ನು ಕೋಲಿಗೆ ಕಟ್ಟಿ ವಿಡಿಯೋ ಮಾಡಿಕೊಂಡು ನೋಡಬಹುದು. ಕೆಲವು ಪ್ಲಂಬರ್‌ಗಳ ಬಳಿ ಪೈಪಿನೊಳಗೆ ತೂರಿಸುವ ಸಣ್ಣ ಕ್ಯಾಮೆರಾ ಇರುತ್ತದೆ, ಕೇಳಿ ನೋಡಿ.

ದೊಡ್ಡ ಬೆಕ್ಕಿಗೆ ದಾರಿ, ಮರಿಗೆ ಕೈ

ಶ್ರೀವೈಷ್ಣವರಲ್ಲಿ ಶರಣಾಗತಿಯ ಬಗ್ಗೆ ಎರಡು ನ್ಯಾಯಗಳಿವೆ. ಮರ್ಕಟಕಿಶೋರ ನ್ಯಾಯದಲ್ಲಿ ಕೋತಿಮರಿ ತಾನೇ ತಾಯಿಯನ್ನು ತಬ್ಬಿಕೊಳ್ಳುತ್ತದೆ, ಮಾರ್ಜಾಲಕಿಶೋರ ನ್ಯಾಯದಲ್ಲಿ ಬೆಕ್ಕಿನ ಮರಿ ಏನೂ ಮಾಡುವುದಿಲ್ಲ, ತಾಯಿಯೇ ಎತ್ತಿಕೊಳ್ಳುತ್ತದೆ. ಮಲ್ಲೇಶ್ವರ, ಚಾಮರಾಜಪೇಟೆಯ ಹಿರಿಯರಿಗೆ ಇದನ್ನು ವಿವರಿಸಬೇಕಿಲ್ಲ. ಸಿಕ್ಕಿಬಿದ್ದ ಬೆಕ್ಕಿನ ವಿಷಯದಲ್ಲೂ ಈ ಎರಡು ದಾರಿಗಳನ್ನು ನೆನಪಿಟ್ಟುಕೊಳ್ಳಬಹುದು.

ಬೆಳೆದ ಬೆಕ್ಕು, ಗಾಯವಾಗಿಲ್ಲ, ಹೋದ ದಾರಿ ತೆರೆದಿದೆ ಎಂದಾದರೆ ಅದನ್ನು ಎಳೆಯಲು ಹೋಗಬೇಡಿ. ದಾರಿ ಕೊಟ್ಟು ಕಾಯಿರಿ. ಕಿಂಡಿಯ ಮುಂದೆ ಅದರ ಹಳೆಯ ಹಾಸು, ತಿನ್ನಲು ವಾಸನೆಯಿರುವ ಏನಾದರೂ ಇಡಿ. ಮೀನು ತಿನ್ನುವ ಮನೆಯಾದರೆ ಬಂಗುಡೆಯ ಒಂದು ತುಂಡು ಸಾಕು. ಬಸವನಗುಡಿಯ ಎಷ್ಟೋ ಬೆಕ್ಕುಗಳು ಮೊಸರನ್ನದಲ್ಲೇ ಬೆಳೆದವು, ಅವಕ್ಕೆ ಅದೇ ಆದೀತು. ದೀಪ ಆರಿಸಿ, ಬಾಗಿಲು ಓರೆ ಮಾಡಿ, ಆ ಕಡೆ ಯಾರೂ ಸುಳಿಯದಂತೆ ನೋಡಿಕೊಳ್ಳಿ. ಕಿಂಡಿಯ ಮುಂದೆ ರಾಗಿ ಹಿಟ್ಟನ್ನು ತೆಳ್ಳಗೆ ಉದುರಿಸಿಟ್ಟರೆ ಬೆಳಗ್ಗೆ ಹೆಜ್ಜೆ ಗುರುತು ಎಲ್ಲ ಹೇಳುತ್ತದೆ: ಬಂದು ತಿಂದು ಮತ್ತೆ ಒಳಗೆ ಹೋಯಿತೇ, ಹೊರಗೆ ಹೊರಟುಹೋಯಿತೇ ಅಂತ. ಹೊರಗೆ ಹೋದದ್ದು ಖಾತ್ರಿಯಾದ ಮೇಲೇ ಕಿಂಡಿ ಮುಚ್ಚಬೇಕು.

ನೇರವಾಗಿ ಆಳಕ್ಕಿಳಿದ ಜಾಗವಾದರೆ ಹತ್ತಲು ಹಿಡಿತ ಬೇಕು. ಗೋಣಿಚೀಲ ಸುತ್ತಿದ ಉದ್ದನೆಯ ಬಿದಿರಿನ ಗಳವನ್ನು ಓರೆಯಾಗಿ ಇಳಿಬಿಟ್ಟರೆ ಉಗುರು ಊರಿ ಹತ್ತಿ ಬರುತ್ತದೆ. ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಊಟವಿಟ್ಟು ಇಳಿಸುವುದೂ ಉಂಟು. ಬೆಕ್ಕು ಬುಟ್ಟಿಯಲ್ಲಿ ಕೂತ ಮೇಲೆ ನಿಧಾನವಾಗಿ, ಗೋಡೆಗೆ ತಾಗದಂತೆ ಎಳೆಯಬೇಕು.

ಮರಿಗೆ ಇದಾವುದೂ ಆಗದು. ಅದು ಹತ್ತಲಾರದು, ಬುಟ್ಟಿ ಎಂದರೆ ಏನೆಂದು ಅರಿಯದು, ರಾತ್ರಿಯಿಡೀ ಕಾದರೆ ತಣ್ಣಗಾಗಿ ಸಾಯುತ್ತದೆ. ಅದನ್ನು ಎತ್ತಲೇಬೇಕು. ಡಕ್ಟಾದರೆ ನೆಲಮಹಡಿಯ ಬಾಗಿಲಿನಿಂದ, ಅದಿಲ್ಲದಿದ್ದರೆ ಕೆಳಮಹಡಿಯ ಬಚ್ಚಲ ವೆಂಟಿಲೇಟರಿನ ಗಾಜಿನ ಪಟ್ಟಿಗಳನ್ನು ಬಿಚ್ಚಿ ಅಲ್ಲಿಂದ ಕೈ ಹಾಕಬಹುದು. ಪೈಪು ಹಿಡಿದು ಡಕ್ಟಿಗೆ ಇಳಿಯುವ ಸಾಹಸ ಯಾರೂ ಮಾಡಬೇಡಿ. ಪೈಪಿನ ಕ್ಲಾಂಪುಗಳು ನೀರಿನ ಭಾರಕ್ಕೆ ಇರುವಂಥವು, ಆಳಿನ ಭಾರವನ್ನು ತಡೆಯುವುದಿಲ್ಲ.

ಒಡೆಯಬೇಕಾಗಿ ಬಂದಾಗ

ಕೊಳವೆಯ ತಿರುವಿನಲ್ಲಿ ಕಚ್ಚಿಕೊಂಡಿದ್ದರೆ, ಎಲ್ಲ ಕಡೆ ಮುಚ್ಚಿದ ಜಾಗದಲ್ಲಿದ್ದರೆ ಒಡೆಯದೆ ಗತಿಯಿಲ್ಲ. ಗೋಡೆಯ ಆಸೆ ಬಿಡಿ. ಆದರೆ ಎಲ್ಲಿ ಒಡೆಯುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ. ಪ್ರಾಣಿ ಇರುವ ನೇರಕ್ಕೆ ಒಡೆದರೆ ಇಟ್ಟಿಗೆ ಚೂರು ಅದರ ಮೇಲೇ ಬೀಳುತ್ತದೆ. ಒಂದೆರಡು ಅಡಿ ಆಚೆ ಸಣ್ಣ ಕಿಂಡಿ ಮಾಡಿ, ಒಳಗೆ ನೋಡಿ, ಆಮೇಲೆ ಕೈಯಿಂದ ಬಿಡಿಸುತ್ತ ಹತ್ತಿರ ಬರಬೇಕು. ಡ್ರಿಲ್ಲಿಂಗ್ ಯಂತ್ರಕ್ಕಿಂತ ಉಳಿ-ಸುತ್ತಿಗೆ ಲೇಸು. ಗಾರೆ ಕೆಲಸದವರಿಗೆ ಇದನ್ನು ಮೊದಲೇ ಹೇಳಿ, ಒಳಗೆ ಜೀವ ಇದೆ ಅಂತ ತಿಳಿದರೆ ಅವರ ಕೈಯೂ ನಿಧಾನವಾಗುತ್ತದೆ.

ಪಿವಿಸಿ ಪೈಪನ್ನು ಹ್ಯಾಕ್ಸಾ ಬ್ಲೇಡಿನಿಂದ ಸುತ್ತಲೂ ಮೇಲುಮೇಲೆ ಗೀರಿ, ಕೊನೆಯ ಎಳೆಯನ್ನು ಕೈಯಲ್ಲಿ ಮುರಿಯುವುದು ಕ್ಷೇಮ. ಬೆಂಕಿ ತೋರಿಸಿ ಮೆತ್ತಗೆ ಮಾಡಬಾರದು, ಆ ಹೊಗೆ ವಿಷ. ಹಳೆಯ ಬಚ್ಚಲುಗಳ ಹೊಗೆ ಕೊಳವೆಗಳ ವಿಷಯದಲ್ಲಿ ಇನ್ನೊಂದು ಎಚ್ಚರ: ಅವುಗಳಲ್ಲಿ ಹಲವು ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್ ಸಿಮೆಂಟಿನ ಪೈಪುಗಳು. ಒಣಗಿದ್ದಾಗ ಕೊಯ್ದರೆ ಏಳುವ ದೂಳು ಶ್ವಾಸಕೋಶ ಸೇರಿದರೆ ಹೊರಗೆ ಬರುವುದಿಲ್ಲ. ಹೊರಗಡೆಯಿಂದ ಚೆನ್ನಾಗಿ ನೀರಿನಿಂದ ತೋಯಿಸಿ, ಮುಖಕ್ಕೆ ಸರಿಯಾದ ಮಾಸ್ಕ್ ಹಾಕಿ, ಕೊಯ್ಯುವ ಬದಲು ಕೀಲಿನಲ್ಲಿ ಬಿಡಿಸಲು ನೋಡಿ.

ಕೊಳವೆಗೆ ಎಣ್ಣೆ ಸುರಿದು ಜಾರಿಸುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಎಣ್ಣೆ ಮೂಗಿಗೆ ಹೋಗಿ ಶ್ವಾಸಕೋಶ ಸೇರುತ್ತದೆ. ಬಾಲ ಹಿಡಿದು ಎಳೆಯುವುದೂ ಬೇಡ, ಬಾಲದ ಬುಡದ ನರ ಕಿತ್ತರೆ ಜೀವನಪರ್ಯಂತ ಮೂತ್ರದ ಹಿಡಿತ ತಪ್ಪಬಹುದು.

ಹೊರಬಂದ ಮೇಲೆ

ಹೊರಗೆ ಬಂತು, ಬದುಕಿತು ಎಂದು ನಿಟ್ಟುಸಿರು ಬಿಡುವ ಹೊತ್ತಿನಲ್ಲೇ ಹೆಚ್ಚಿನ ತಪ್ಪುಗಳಾಗುತ್ತವೆ. ದಪ್ಪ ಟವೆಲಿನಲ್ಲಿ ಸುತ್ತಿ, ಮುಖ ಮಾತ್ರ ಹೊರಗಿರಲಿ. ಬಾಯಿಗೆ ನೀರು ಹೊಯ್ಯಬೇಡಿ, ತಟ್ಟೆಯಲ್ಲಿಟ್ಟರೆ ತಾನೇ ಕುಡಿಯುತ್ತದೆ.

ಅಂಗಾಲು ಸುಟ್ಟಿದ್ದರೆ ನಲ್ಲಿಯ ತಣ್ಣೀರನ್ನು ಹತ್ತು ನಿಮಿಷವಾದರೂ ಮೆಲ್ಲಗೆ ಬಿಡಿ. ಐಸ್ ಬೇಡ. ಬೂದಿಯ ಮೇಲ್ಪದರ ಬೆಚ್ಚಗಿದ್ದರೂ ಅಡಿಯಲ್ಲಿ ಕೆಂಡ ಉಳಿದಿರುತ್ತದೆ, ಹಾಗಾಗಿ ಒಲೆಯಿಂದ ಬಂದ ಬೆಕ್ಕಿನ ನಾಲ್ಕೂ ಅಂಗಾಲುಗಳನ್ನು ನೋಡಲೇಬೇಕು. ಅರಿಶಿನ, ಟೂತ್‌ಪೇಸ್ಟ್, ಇಂಕು ಯಾವುದನ್ನೂ ಮೆತ್ತಬೇಡಿ. ಬೆಕ್ಕು ಅದನ್ನೆಲ್ಲ ನೆಕ್ಕಿಯೇ ತೀರುತ್ತದೆ. ನೋವಿಗೆಂದು ನಮ್ಮ ಜ್ವರದ ಮಾತ್ರೆ ಕೊಡುವುದಂತೂ ಕೊಂದಂತೆಯೇ. ಪ್ಯಾರಸಿಟಮಾಲನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ, ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು.

ಹೊಗೆ ಕುಡಿದ ಪ್ರಾಣಿ ಮೊದಲ ದಿನ ಚೆನ್ನಾಗಿಯೇ ಕಾಣಬಹುದು. ಶ್ವಾಸಕೋಶದ ತೊಂದರೆ ಒಂದೆರಡು ದಿನ ಬಿಟ್ಟು ಬಲಿಯುವುದುಂಟು. ಬಾಯಿ ತೆರೆದು ಉಸಿರಾಡಿದರೆ, ಒಸಡು ಬಿಳಿಚಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಎರಡು ಮೂರು ದಿನ ಉಪವಾಸವಿದ್ದ ಬೆಕ್ಕನ್ನೂ ತೋರಿಸಬೇಕು. ನಾಯಿಯಂತಲ್ಲ, ಬೆಕ್ಕು ಕೆಲವೇ ದಿನ ತಿನ್ನದಿದ್ದರೂ ಲಿವರಿನಲ್ಲಿ ಕೊಬ್ಬು ತುಂಬಿ ಕಾಯಿಲೆ ಬೀಳುತ್ತದೆ, ಮೈ ದಪ್ಪಗಿರುವ ಬೆಕ್ಕುಗಳಿಗೆ ಈ ಅಪಾಯ ಇನ್ನೂ ಹೆಚ್ಚು.

ಮರಿಯ ಮೈ ತಣ್ಣಗಿದ್ದರೆ ಮೊದಲು ಬಿಸಿ, ಆಮೇಲೆ ಆಹಾರ. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಿ. ತಣ್ಣಗಿರುವ ಮರಿಗೆ ಹಾಲು ಕುಡಿಸಿದರೆ ಅರಗುವುದಿಲ್ಲ, ಶ್ವಾಸನಾಳಕ್ಕೆ ಹೋಗುವ ಭಯ. ಹಸುವಿನ ಹಾಲು ಭೇದಿ ತರುತ್ತದೆ, ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ ಸಿಗುತ್ತದೆ. ಎಲ್ಲಕ್ಕಿಂತ ಒಳ್ಳೆಯದು ತಾಯಿ. ಅದು ಕೂಗುತ್ತ ಸುತ್ತಾಡುತ್ತಿದ್ದರೆ ಬೆಚ್ಚಗಾದ ಮರಿಯನ್ನು ರಟ್ಟಿನ ಡಬ್ಬದಲ್ಲಿಟ್ಟು ಅದೇ ಜಾಗದ ಹತ್ತಿರ ಬಿಟ್ಟು ದೂರ ಸರಿಯಿರಿ. ಕಚ್ಚಿಕೊಂಡು ಹೋಗುತ್ತದೆ.

ನಿಮ್ಮ ಕೈಗೆ ಹಲ್ಲು, ಉಗುರು ತಾಗಿದ್ದರೆ ಅದನ್ನು ಮರೆಯಬೇಡಿ. ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ವೈದ್ಯರ ಬಳಿ ಹೋಗಿ. ಸಾಕಿದ ಬೆಕ್ಕಾದರೂ ರೇಬಿಸ್ ಲಸಿಕೆಯ ವಿಷಯವನ್ನು ವೈದ್ಯರೇ ನಿರ್ಧರಿಸಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಲಸಿಕೆ ಸಿಗುತ್ತದೆ, ಮಲ್ಲೇಶ್ವರದವರಿಗೆ ಕೆ.ಸಿ. ಜನರಲ್ ಹತ್ತಿರವೇ ಇದೆ.

ಯಾರನ್ನು ಕರೆಯಬೇಕು

ಎತ್ತರ, ಆಳ, ಬೆಂಕಿ, ವಿದ್ಯುತ್ ಇವುಗಳಲ್ಲಿ ಒಂದಿದ್ದರೂ ನೀವೇ ಕೈಹಾಕದೆ ಅಗ್ನಿಶಾಮಕ ಇಲಾಖೆಗೆ ಫೋನ್ ಮಾಡಿ. 101 ಅಥವಾ 112. ಪ್ರಾಣಿಗಳನ್ನು ಹೊರತೆಗೆಯುವುದು ಅವರಿಗೆ ಹೊಸದಲ್ಲ, ಹಗ್ಗ, ಏಣಿ, ಕೊಯ್ಯುವ ಸಲಕರಣೆ ಎಲ್ಲ ಅವರ ಬಳಿಯಿದೆ. ಮನುಷ್ಯರ ಪ್ರಾಣದ ಕರೆ ಅದೇ ಹೊತ್ತಿಗೆ ಬಂದರೆ ಅತ್ತ ಹೋಗುತ್ತಾರೆ, ಅದು ಸರಿಯೇ, ತಾಳ್ಮೆಯಿಂದ ಕಾಯಬೇಕು. ಫೋನಿನಲ್ಲಿ ಬೆಕ್ಕು ಸಿಕ್ಕಿಬಿದ್ದಿದೆ ಎಂದಷ್ಟೇ ಹೇಳದೆ ಎಷ್ಟನೇ ಮಹಡಿ, ಎಷ್ಟು ಅಗಲದ ಜಾಗ, ಎಷ್ಟು ಹೊತ್ತಾಯಿತು ಅಂತ ತಿಳಿಸಿದರೆ ಬೇಕಾದ್ದನ್ನು ತರುತ್ತಾರೆ.

ಗಾಯಗೊಂಡ ಬೀದಿ ಪ್ರಾಣಿಗಳಿಗೆ ನಗರದಲ್ಲಿ ದುಡಿಯುತ್ತಿರುವ ಹಳೆಯ ಸಂಸ್ಥೆ ಕ್ಯೂಪಾ. ಕ್ರಿಸ್ಟಲ್ ರೋಜರ್ಸ್ ಎಂಬ ಹಿರಿಯ ಮಹಿಳೆ 1991ರಲ್ಲಿ ಇದನ್ನು ಇಲ್ಲಿ ಶುರುಮಾಡಿದರು. ಚಿಕಿತ್ಸೆಗೆ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ, ಚಾಮರಾಜಪೇಟೆಯ ಹಳೆಯ ಪಶು ಆಸ್ಪತ್ರೆ, ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆಸ್ಪತ್ರೆ ಇವೆ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962.

ಒಳಗಿರುವುದು ಬೆಕ್ಕೇ ಅಂತ ಖಾತ್ರಿ ಮಾಡಿಕೊಳ್ಳುವುದೂ ಮುಖ್ಯ. ಹೆಂಚಿನ ಮಾಡು, ದೊಡ್ಡ ಮರಗಳಿರುವ ಹಳೆಯ ಬೀದಿಗಳಲ್ಲಿ ಮರಬೆಕ್ಕು, ಕಣಜ ಗೂಬೆ ಇಂಥ ಸಂದಿಗಳಲ್ಲಿ ಸಿಗುವುದುಂಟು. ಇವು 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿಗಳು, ಮುಟ್ಟುವಂತಿಲ್ಲ. ಅರಣ್ಯ ಇಲಾಖೆಯ 1926ಕ್ಕೆ ಅಥವಾ ಕೆಂಗೇರಿ ಬಳಿ ವನ್ಯಜೀವಿ ಆಸ್ಪತ್ರೆ ನಡೆಸುವ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಗೆ ತಿಳಿಸಿ.

ಒಳಗೆ ಪ್ರಾಣಿ ಇದೆಯೆಂದು ಗೊತ್ತಿದ್ದೂ ಕಿಂಡಿ ಮುಚ್ಚಿ ಕೈತೊಳೆದುಕೊಳ್ಳುವುದು ಅಪರಾಧ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲದ ದಂಡ 10ರಿಂದ 50 ರೂಪಾಯಿಯಷ್ಟೇ ಉಳಿದುಕೊಂಡಿರುವುದು ನಾಚಿಕೆಯ ಸಂಗತಿ. ಆದರೆ 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಾಣಿಯನ್ನು ಕೊಂದವರಿಗೆ, ಅಂಗಹೀನಗೊಳಿಸಿದವರಿಗೆ ಐದು ವರ್ಷದವರೆಗೆ ಸೆರೆವಾಸ ವಿಧಿಸಬಲ್ಲದು.

ಮಕ್ಕಳು ಪರದೇಶದಲ್ಲಿದ್ದರೆ

ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳಲ್ಲಿ ಮಗನೋ ಮಗಳೋ ಅಮೆರಿಕ, ಕೆನಡಾದಲ್ಲಿಲ್ಲದ ಮನೆ ಕಡಿಮೆ. ಅಲ್ಲಿನ ಎಷ್ಟೋ ಮನೆಗಳ ನೆಲಮಾಳಿಗೆಯಲ್ಲಿ ಫರ್ನೇಸ್ ಇರುತ್ತದೆ. ಅದು ಕಾಯಿಸಿದ ಗಾಳಿ ತಗಡಿನ ಡಕ್ಟುಗಳ ಮೂಲಕ ಪ್ರತಿ ಕೋಣೆಗೂ ಹೋಗುತ್ತದೆ, ತಣ್ಣಗಾದ ಗಾಳಿ ಇನ್ನಷ್ಟು ಅಗಲದ ಡಕ್ಟಿನಲ್ಲಿ ವಾಪಸು ಬರುತ್ತದೆ. ನೆಲದಲ್ಲಿರುವ ಜಾಲರಿ ಸಡಿಲವಿದ್ದರೆ, ನೆಲಹಾಸಿನ ಕೆಲಸಕ್ಕೆಂದು ತೆಗೆದಿಟ್ಟಿದ್ದರೆ ಬೆಕ್ಕು ಇಳಿಯಲು ಅಷ್ಟು ಸಾಕು.

ಅಲ್ಲಿಯೂ ಮಾಡಬೇಕಾದ್ದು ಇದೇ. ಥರ್ಮೋಸ್ಟಾಟನ್ನೂ ಫರ್ನೇಸಿನ ಸ್ವಿಚ್ಚನ್ನೂ ಎರಡನ್ನೂ ಆರಿಸಬೇಕು, ಇಲ್ಲದಿದ್ದರೆ ಫ್ಯಾನು ತಾನಾಗಿ ಶುರುವಾದೀತು. ಇಳಿದ ಜಾಲರಿಯನ್ನು ತೆರೆದಿಟ್ಟು, ಹತ್ತಿ ಬರಲು ದಪ್ಪ ಟವೆಲನ್ನು ಇಳಿಬಿಟ್ಟು, ಕೋಣೆಯನ್ನು ಸದ್ದಿಲ್ಲದಂತೆ ಬಿಟ್ಟು ಕಾಯಬೇಕು. ಬರದಿದ್ದರೆ ನೆಲಮಾಳಿಗೆಯಲ್ಲಿ ಡಕ್ಟಿನ ಕೀಲು ಬಿಚ್ಚಬಲ್ಲ ಹೀಟಿಂಗ್ ಮೆಕ್ಯಾನಿಕ್ಕನ್ನು ಕರೆಸಬೇಕು. ಬಟ್ಟೆ ಒಣಗಿಸುವ ಡ್ರೈಯರಿನ ಬಾಗಿಲನ್ನು ಸದಾ ಮುಚ್ಚಿಡಲು ಹೇಳಿ, ಬೆಚ್ಚಗಿನ ಬಟ್ಟೆಯ ಮೇಲೆ ಮಲಗಿದ ಬೆಕ್ಕನ್ನು ಗಮನಿಸದೆ ಯಂತ್ರ ಹಾಕಿದ ಪ್ರಸಂಗಗಳು ಅಲ್ಲಿ ಉಂಟು.

ಮುಚ್ಚುವ ಮುನ್ನ

ತಡೆಯುವುದಕ್ಕೆ ಖರ್ಚು ಹೆಚ್ಚಿಲ್ಲ. ಒಲೆಯ ಬಾಯಿಗೊಂದು ತಗಡಿನ ಬಾಗಿಲು, ಹೊಗೆ ಕೊಳವೆಯ ತುದಿಗೆ ಜಾಲರಿ. ದೀಪಾವಳಿಗೆ ನೀರು ತುಂಬುವ ಹಬ್ಬದ ದಿನ ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು, ಹೂ ಸುತ್ತುವ ಮನೆಗಳು ಇನ್ನೂ ಇವೆ. ವರ್ಷವಿಡೀ ಹಚ್ಚದ ಒಲೆಯನ್ನು ಮರುದಿನ ಬೆಳಗಿನ ಜಾವ ಅಭ್ಯಂಜನಕ್ಕೆಂದು ಹಚ್ಚುವ ಮನೆಗಳಲ್ಲೇ ಹೆಚ್ಚು ಎಚ್ಚರ ಬೇಕು. ಟಾರ್ಚ್ ಬಿಟ್ಟು ನೋಡಿ, ಹಂಡೆಯನ್ನು ಎರಡು ಸಲ ತಟ್ಟಿ, ಒಂದು ಕ್ಷಣ ಕಾದು ಕಡ್ಡಿ ಗೀರಿ. ಚಳಿಗಾಲದಲ್ಲಿ ಕಾರು ಶುರುಮಾಡುವ ಮುನ್ನ ಬಾನೆಟ್ಟನ್ನೂ ಹಾಗೇ ತಟ್ಟಿ. ಮನೆಯಲ್ಲಿ ಮರಗೆಲಸ, ಸೀಲಿಂಗ್ ಕೆಲಸ ನಡೆಯುತ್ತಿದ್ದರೆ ಸಂಜೆ ಎಲ್ಲ ಕಿಂಡಿಗಳಿಗೆ ರಟ್ಟು ಅಂಟಿಸಿ, ಬೆಕ್ಕನ್ನು ಕಣ್ಣಾರೆ ನೋಡಿದ ಮೇಲೇ ಹಲಗೆ ಕೂರಿಸಲು ಬಿಡಿ.

ಇನ್ನೊಂದು ಕೆಲಸ ಒಬ್ಬರ ಕೈಯಲ್ಲಿಲ್ಲ, ಕಟ್ಟಡದ ಸಂಘದ ಕೈಯಲ್ಲಿದೆ. ಪ್ರತಿ ಡಕ್ಟಿನ ತಳದಲ್ಲಿ ತೆರೆಯಬಹುದಾದ ಒಂದು ಬಾಗಿಲು, ತಾರಸಿಯ ಬಾಯಿಗೆ ಗಟ್ಟಿ ಜಾಲರಿ, ಬೀಗದ ಕೈ ಸೆಕ್ಯುರಿಟಿಯವರ ಬಳಿ. ಮುಂದಿನ ಸಭೆಯಲ್ಲಿ ನೀರಿನ ಟ್ಯಾಂಕರು, ಪಾರ್ಕಿಂಗಿನ ಮಾತು ಮುಗಿದ ಮೇಲೆ ದಯವಿಟ್ಟು ಇದನ್ನೂ ಎತ್ತಿ.